ಮಿದುಳಲ್ಲಿ ಹರಿದಾಡಿದ ಮೌನ (ಭಾಗ 3)

ಅಪಸ್ಮಾರ ಅಂದ್ರೆ ಮಿದುಳಲ್ಲಿ ಕರೆಂಟ್ ಗಲಾಟೆ, ಅಲ್ವಾ? ಬ್ರೆಜಿಲ್‌ನ ಅರಿಸ್ಟೀಡಿಸ್ ಲೆಯಾಂವ್ ಹಾರ್ವರ್ಡ್‌ನಲ್ಲಿ ಹುಡುಕ್ತಿದ್ದದ್ದೂ ಅದನ್ನೇ. ಮೊಲದ ಮಿದುಳಿನ ಮೇಲ್ಪದರಕ್ಕೆ ಸಣ್ಣಗೆ ಕರೆಂಟ್ ಕೊಟ್ಟರು. ಗಲಾಟೆ ಏಳೋ ಬದಲು ಸದ್ದೇ ಅಡಗಿಹೋಯ್ತು! ಆ ಮೌನ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್‌ನಂತೆ ಪಕ್ಕಕ್ಕೆ ಹಬ್ಬುತ್ತಾ ಹೋಯ್ತು (ಇರುವೆ ಇದಕ್ಕಿಂತ ಫಾಸ್ಟ್). 1944ರಲ್ಲಿ ಅದನ್ನು ಪ್ರಕಟಿಸಿದರು.

ಆಗೋದು ಇಷ್ಟು ನೋಡಿ: ನರಕೋಶದ ಪೊಟ್ಯಾಸಿಯಂ ಹೊರಗೆ ಸುರಿಯುತ್ತೆ, ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಕೋಶದ ಚಾರ್ಜ್ ಖಾಲಿ. ಮತ್ತೆ ತುಂಬಿಸೋಕೆ ಶಕ್ತಿ ಬೇಕು, ಶಕ್ತಿಗೆ ರಕ್ತ ಬೇಕು. ಆರೋಗ್ಯವಾದ ಮಿದುಳಲ್ಲಿ ರಕ್ತನಾಳ ಹಿಗ್ಗಿ ಅದನ್ನು ಒದಗಿಸುತ್ತೆ. ಪೆಟ್ಟು ತಿಂದ ಮಿದುಳಲ್ಲಿ ಕೆಲವೊಮ್ಮೆ ಪೂರ್ತಿ ಉಲ್ಟಾ! ರಕ್ತ ಜಾಸ್ತಿ ಬೇಕಾದ ಹೊತ್ತಲ್ಲೇ ನಾಳ ಮುದುಡಿಕೊಳ್ಳುತ್ತೆ. ಮನೆಗೆ ಬೆಂಕಿ ಬಿದ್ದಾಗಲೇ ನಲ್ಲಿ ನೀರು ನಿಂತ ಹಾಗೆ. ಬರ್ಲಿನ್‌ನ ಯೆನ್ಸ್ ಡ್ರೈಯರ್ ತಂಡ 1998ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು.

ಮನುಷ್ಯರಲ್ಲೂ ಹೀಗಾಗುತ್ತಾ ಅನ್ನೋ ಅನುಮಾನ ಮಾತ್ರ ದಶಕಗಟ್ಟಲೆ ಉಳೀತು. ನೆತ್ತಿಗೆ ಅಂಟಿಸೋ ಇಇಜಿಯಲ್ಲಿ ಈ ನಿಧಾನದ ಅಲೆ ಸುಲಭಕ್ಕೆ ಕಾಣಲ್ಲ. ಕೊನೆಗೆ ಲಂಡನ್‌ನ ಆಂಟನಿ ಸ್ಟ್ರಾಂಗ್ ಮತ್ತು ಜೊತೆಗಾರರು, ಹೇಗೂ ಆಪರೇಷನ್ ಆಗ್ತಿದ್ದ ರೋಗಿಗಳ ಮಿದುಳಿನ ಮೇಲೇ ಇಲೆಕ್ಟ್ರೋಡ್ ಪಟ್ಟಿ ಇಟ್ಟು ಕಾದರು. ಅಲೆ ಸಿಕ್ಕಿತು! ಆ ವರದಿ ಬಂದದ್ದು 2002ರಲ್ಲಿ, ಮೊಲದ ಪ್ರಯೋಗ ಅಚ್ಚಾಗಿ 58 ವರ್ಷಕ್ಕೆ. ಅಷ್ಟೂ ವರ್ಷ ಐಸಿಯುನಲ್ಲಿ ಅಲ್ಲಾಡದೆ ಮಲಗಿದ್ದವರ ತಲೆಯೊಳಗೆ ಇದು ಮತ್ತೆ ಮತ್ತೆ ಹಾದುಹೋಗಿರಬೇಕು. ಪಕ್ಕದಲ್ಲಿ ನಿಂತ ಡಾಕ್ಟರಿಗೆ ಅದರ ಸುಳಿವೇ ಇರಲಿಲ್ಲ.