ಹುಳುಕು ಹಲ್ಲೂ ಅದರ ಬೇರೂ

(ಬಾನುಲಿ ಭಾಷಣ)

ಹಲ್ಲು ಕೆಟ್ಟಿತು ಎಂಬುದಕ್ಕೆ ಕನ್ನಡದಲ್ಲಿ ನಾವು ಹಲ್ಲು ಹುಳುಕಾಯಿತು ಎನ್ನುತ್ತೇವೆ. ಹುಳುಕಿನೊಳಗೆ ಹುಳು ಕುಳಿತೇ ಇದೆ. ಸಂಸ್ಕೃತದ ವೈದ್ಯರು ಈ ರೋಗಕ್ಕೆ ಕೃಮಿದಂತವೆಂದು ಹೆಸರಿಟ್ಟರು. ಬ್ಯಾಬಿಲೋನಿಯದ ಜೇಡಿಮಣ್ಣಿನ ಹಲಗೆಯೊಂದರಲ್ಲಿ ಒಂದು ಹುಳುವಿನ ಕಥೆಯುಂಟು. ದೇವರು ಅದಕ್ಕೆ ಹಣ್ಣುಗಳನ್ನು ಆಹಾರವಾಗಿ ಕೊಡಲು ಬಂದಾಗ ಅದು ಬೇಡವೆಂದು, ಮನುಷ್ಯರ ಹಲ್ಲು ವಸಡುಗಳ ನಡುವೆ ತನಗೊಂದು ಮನೆ ಬೇಕೆಂದು ಕೇಳಿತಂತೆ. ಒಬ್ಬರನ್ನೊಬ್ಬರು ಕಂಡರಿಯದ ಇಷ್ಟು ಜನಾಂಗಗಳು ಒಂದೇ ಹುಳುವನ್ನು ಕಲ್ಪಿಸಿಕೊಂಡವೆಂದರೆ, ಹಲ್ಲುನೋವಿನಲ್ಲಿ ಒಳಗೆ ಏನೋ ಕೊರೆಯುವಂತಾಗುವ ಅನುಭವವೇ ಅದಕ್ಕೆ ಕಾರಣವಿರಬೇಕು.

ನನ್ನ ಊರು ಪಾಂಡವಪುರ ತಾಲ್ಲೂಕಿನ ಚಿನಕುರಳಿ. ಹೊರಗಿನವರಿಗೆ ಈ ಹೆಸರು ಕೇಳಿದರೆ ದೀಪಾವಳಿಯ ಪಟಾಕಿಯ ನೆನಪಾಗುತ್ತದೆ; ದವಡೆಯಲ್ಲಿ ನಡುರಾತ್ರಿ ಹಲ್ಲುನೋವು ಸಿಡಿದವರಿಗೆ ಆ ಹೋಲಿಕೆ ಅಷ್ಟೇನೂ ದೂರದ್ದೆನಿಸುವುದಿಲ್ಲ. 1960ರ ದಶಕದ ಕೊನೆಯಲ್ಲಿ, ನಾನು ಹುಡುಗನಾಗಿದ್ದಾಗ, ನಮ್ಮ ಕಡೆಯ ಸಂತೆಗಳಿಗೂ ಬೇಬಿ ಬೆಟ್ಟದ ದನಗಳ ಜಾತ್ರೆಗೂ ಹಲ್ಲಿನ ಹುಳು ತೆಗೆಯುವವರು ಬರುತ್ತಿದ್ದರು. ಕಾದ ಕಬ್ಬಿಣದ ಮೇಲೆ ನೆಲಗುಳ್ಳದ ಬೀಜವನ್ನು ಎಣ್ಣೆಯೊಡನೆ ಹಾಕಿ, ಎದ್ದ ಹೊಗೆಯನ್ನು ಕೊಳವೆಯ ಮೂಲಕ ಹುಳುಕು ಹಲ್ಲಿಗೆ ಹಿಡಿಸುವರು. ಆಮೇಲೆ ಬಟ್ಟಲಿನ ನೀರಿನಲ್ಲಿ ತೇಲುವ ಬೆಳ್ಳನೆಯ ಎಳೆಗಳನ್ನು ತೋರಿಸಿ, ಇಗೋ ಹುಳು, ಎನ್ನುವರು. ಅವು ಕಾವಿಗೆ ಸಿಡಿದ ಬೀಜದ ಒಳಗಿನ ಮೊಳಕೆಗಳು. ಆದರೆ ನೋವು ತಿಂದವನಿಗೆ ಸಸ್ಯಶಾಸ್ತ್ರ ಬೇಕಿರಲಿಲ್ಲ. ಎಷ್ಟೋ ಜನರಿಗೆ ನೋವು ನಿಂತೇ ನಿಲ್ಲುತ್ತಿತ್ತು.

ಅದು ನಿಲ್ಲುತ್ತಿದ್ದುದು ಏಕೆ ಎಂಬುದರಲ್ಲಿಯೇ ನಾನು ಇಂದು ಹೇಳಬೇಕೆಂದಿರುವ ಕಥೆಯ ಗಂಟಿದೆ. ಹಲ್ಲಿನ ಹೊರಗೆ ಗಟ್ಟಿಯಾದ ಹೊದಿಕೆ, ಅದರೊಳಗೆ ದಂತದ್ರವ್ಯ, ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು. ಈ ತಿರುಳು ಬೇರಿನೊಳಗಿನ ಕಿರಿದಾದ ನಾಳದಲ್ಲಿ ಇಳಿದು, ಬೇರಿನ ತುದಿಯ ಸೂಜಿಮೊನೆಯಷ್ಟು ರಂಧ್ರದಿಂದ ದವಡೆಯೊಡನೆ ಕೂಡಿಕೊಳ್ಳುತ್ತದೆ. ಕೈಗೆ ಗಾಯವಾದರೆ ಊದಿಕೊಳ್ಳಲು ಎಡೆಯುಂಟು; ಕಲ್ಲಿನಂಥ ಗೋಡೆಗಳ ನಡುವೆ ಸಿಕ್ಕಿದ ತಿರುಳಿಗೆ ಅದಿಲ್ಲ. ಅದು ಉರಿದು, ನೊಂದು, ಕೊನೆಗೆ ಸಾಯುತ್ತದೆ. ಸತ್ತ ನರ ನೋಯುವುದಿಲ್ಲ. ಜಾತ್ರೆಯ ವೈದ್ಯ ಗೆದ್ದಂತೆ ಕಾಣುತ್ತಿದ್ದುದು ಈ ಹೊತ್ತಿನಲ್ಲಿ. ಸತ್ತ ತಿರುಳು ಕೊಳೆತು, ಬೇರಿನ ತುದಿಯಲ್ಲಿ ಕೀವು ಕಟ್ಟಿ, ಆರು ತಿಂಗಳಿಗೋ ವರ್ಷಕ್ಕೋ ಕೆನ್ನೆ ಊದಿಕೊಳ್ಳುವ ಹೊತ್ತಿಗೆ ಅವನು ಬೇರೆ ಜಾತ್ರೆಯಲ್ಲಿರುತ್ತಿದ್ದ. ನೋವು ಹೋದದ್ದು ಬೇರೆ, ರೋಗ ಹೋದದ್ದು ಬೇರೆ ಎಂಬ ಈ ಒಂದು ಭೇದವನ್ನು ತಿಳಿಯಲು ಜಗತ್ತಿನ ದಂತವೈದ್ಯರಿಗೆ ಸುಮಾರು ಇನ್ನೂರು ವರ್ಷ ಹಿಡಿಯಿತು.

ನಮ್ಮ ಹಳಬರ ಚಿಕಿತ್ಸೆಯನ್ನು ಇಲ್ಲಿ ಸ್ಮರಿಸಬೇಕು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಹುಳುಕಿನ ಕುಳಿಯನ್ನು ಬೆಲ್ಲದಿಂದಲೋ ಜೇನುಮೇಣದಿಂದಲೋ ತುಂಬಿ ಸುಡಬೇಕೆಂಬ ವಿಧಿಯಿದೆ. ಕಬ್ಬಿನ ಗಾಣಗಳ ನಡುವೆ ಬೆಳೆದ ನನಗೆ ಹಲ್ಲಿಗೆ ಬೆಲ್ಲ ತುಂಬುವ ಮಾತು ಮೊದಲು ನಗೆ ತರಿಸಿತು. ಆದರೆ ನಗುವಂಥದೇನೂ ಅಲ್ಲ. ಸುಡುವುದೆಂದರೆ ಒಳಗಿನ ನರವನ್ನು ಕೊಲ್ಲುವುದು. ತುಂಬುವುದೆಂದರೆ ಬಾಗಿಲು ಮುಚ್ಚುವುದು. ಇಂದಿನ ಚಿಕಿತ್ಸೆಯ ಎರಡು ಅಂಗಗಳು ಅಲ್ಲಿ ಬೀಜರೂಪದಲ್ಲಿವೆ. ಇವೆರಡರ ನಡುವೆ ಆಗಬೇಕಾದ ಶುದ್ಧಿಯೊಂದು ಮಾತ್ರ ಇಲ್ಲ, ಮತ್ತು ಎಲ್ಲವೂ ನಿಂತಿರುವುದು ಅದರ ಮೇಲೆಯೇ.

ಯುರೋಪಿನಲ್ಲಿ ಹುಳುವಿನ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟವನು ಫ್ರಾನ್ಸಿನ ಪಿಯರ್ ಫೋಷಾರ್. 1728ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಸೂಕ್ಷ್ಮದರ್ಶಕದಿಂದ ನೋಡಿದರೂ ತನಗೆ ಹಲ್ಲಿನಲ್ಲಿ ಹುಳು ಕಾಣಲಿಲ್ಲವೆಂದು ಬರೆದ. ಕೆಟ್ಟ ತಿರುಳನ್ನು ತೆಗೆಯುವ ಕ್ರಮವನ್ನೂ ವಿವರಿಸಿದ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ನಮ್ಮ ಪಾಂಡವಪುರಕ್ಕೆ ಬಹುಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಇತ್ತು. ಆ ಸೈನಿಕರು ಹಿರೋಡೆಯ ಬಂಡೆಗಳ ನೆರಳಿನಲ್ಲಿ ಕುಳಿತಿದ್ದಾಗ ಅವರ ದೇಶದಲ್ಲಿ ಫೋಷಾರನ ಪುಸ್ತಕ ಆಗಲೇ ಹಳೆಯದಾಗಿತ್ತು. ಪುಸ್ತಕದ ಜ್ಞಾನ ಫಿರಂಗಿಯಷ್ಟು ಬೇಗ ಸಮುದ್ರ ದಾಟುವುದಿಲ್ಲ.

ಮುಂದಿನ ಶತಮಾನ ಕೈಚಳಕದ ಕಾಲ. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ತೇಯ್ದು, ಬೇರಿನ ನಾಳಕ್ಕೆ ಇಳಿಯುವ ಸಲಾಕೆಯನ್ನು ಮಾಡಿಕೊಂಡ. 1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ಎಂಬುವನು ತೆಳುವಾದ ರಬ್ಬರಿನ ಹಾಳೆಗೆ ತೂತು ಮಾಡಿ, ಹಲ್ಲೊಂದೇ ಅದರಿಂದ ಹೊರಗೆ ಕಾಣುವಂತೆ ತೊಡಿಸಿದ. ಅವನಿಗೆ ಬೇಕಾಗಿದ್ದುದು ಕೆಲಸಕ್ಕೆ ಒಣಗಿದ ಹಲ್ಲು, ಅಷ್ಟೆ. ಆದರೆ ಬಾಯಿಯ ಜೊಲ್ಲು, ಅದರಲ್ಲಿನ ಕೋಟ್ಯಂತರ ಸೂಕ್ಷ್ಮಜೀವಿಗಳು ತೆರೆದ ನಾಳಕ್ಕೆ ಹರಿಯದಂತೆ ತಡೆಯುವ ಅತ್ಯಂತ ಸರಳವಾದ ಸಾಧನ ಅದೇ ಎಂಬುದು ಆಮೇಲೆ ತಿಳಿಯಿತು. ಇಂದಿಗೂ ಆ ಹಾಳೆಯನ್ನು ತೊಡಿಸುವ ತಾಳ್ಮೆ ಎಲ್ಲ ವೈದ್ಯರಿಗೂ ಇಲ್ಲ, ತೊಡಿಸಿಕೊಳ್ಳುವ ತಾಳ್ಮೆ ಎಲ್ಲ ರೋಗಿಗಳಿಗೂ ಇಲ್ಲ. 1867ರಲ್ಲಿ ಬೌಮನ್ ಎಂಬುವನು ನಾಳವನ್ನು ತುಂಬಲು ಗಟ್ಟಾಪರ್ಚಾ ಬಳಸಿದ. ಇದು ಮಲಯ ದೇಶದ ಒಂದು ಮರದ ಹಾಲು; ನಮ್ಮ ಹಿಪ್ಪೆ, ಸಪೋಟಗಳ ಕುಟುಂಬಕ್ಕೆ ಸೇರಿದ ಮರ. ಸಮುದ್ರದಡಿಯ ತಂತಿಗೆ ಹೊದಿಸಿದ ಈ ಅಂಟೇ ಹಲ್ಲಿನ ಬೇರಿಗೂ ಒದಗಿ, ಇಂದಿಗೂ ಅಲ್ಲಿಯೇ ಇದೆ.

1895ರಲ್ಲಿ ರಾಂಟ್‌ಜೆನ್ ಕ್ಷಕಿರಣವನ್ನು ಕಂಡುಹಿಡಿದಾಗ ದಂತವೈದ್ಯರಿಗೆ ಮೊದಲ ಬಾರಿಗೆ ತಮ್ಮ ಕೆಲಸವೇ ಕಣ್ಣಿಗೆ ಬಿತ್ತು. ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಕೆಲ್ಸ್ 1899ರಲ್ಲೇ ನಾಳದ ಉದ್ದವನ್ನು ಅಳೆಯಲು ಆ ಕಿರಣವನ್ನು ಬಳಸಿದ. ಕಂಡದ್ದು ಹಿತವಾಗಿರಲಿಲ್ಲ. ತುಂಬಿದೆವೆಂದುಕೊಂಡಿದ್ದ ನಾಳಗಳು ಅರ್ಧ ಬರಿದಾಗಿದ್ದವು. ನೋವೇ ಇಲ್ಲದ ಹಲ್ಲುಗಳ ಬೇರಿನ ತುದಿಯಲ್ಲಿ ಮೂಳೆ ಕರಗಿ ಕಪ್ಪು ಮಚ್ಚೆಗಳಿದ್ದವು.

ಹೀಗೆ ಕಂಡ ಸತ್ಯ ವಿಚಿತ್ರವಾದ ಅನಾಹುತಕ್ಕೆ ದಾರಿಯಾಯಿತು. 1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಕೆನಡದ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿ, ಕೊಳೆತ ಬೇರುಗಳ ಮೇಲೆ ಚಿನ್ನದ ಕಿರೀಟಗಳನ್ನು ಕೂರಿಸುವ ದಂತವೈದ್ಯವನ್ನು ಕಟುವಾಗಿ ಖಂಡಿಸಿದ. ಅಲ್ಲಿಯವರೆಗೆ ಅವನ ಮಾತು ನ್ಯಾಯವೇ. ಆದರೆ ಬಾಯಿಯ ಒಂದು ಮೂಲೆಯ ಕೀವು ಕೀಲುನೋವಿಗೂ ಹೃದ್ರೋಗಕ್ಕೂ ಬುದ್ಧಿಭ್ರಮೆಗೂ ಮೂಲವೆಂಬ ವಾದ ಅದರಿಂದ ಬೆಳೆದು, ಮುಂದಿನ ಎರಡು ಮೂರು ದಶಕಗಳ ಕಾಲ ಪಶ್ಚಿಮದಲ್ಲಿ ಲೆಕ್ಕವಿಲ್ಲದಷ್ಟು ಹಲ್ಲುಗಳನ್ನು ಕಿತ್ತೆಸೆದರು. ಸಂದೇಹ ಬಂದರೆ ಸಾಕು, ಹಲ್ಲು ಹೋಯಿತು. ಕ್ಷಕಿರಣದ ಚಿತ್ರ ನೋಡಿ ವಿಚಾರವಿಲ್ಲದೆ ಹಲ್ಲು ಕೀಳುವುದನ್ನು ವಿರೋಧಿಸಿದವರಲ್ಲಿ, ಆ ಕಿರಣವನ್ನು ತನ್ನ ವೃತ್ತಿಗೆ ತಂದ ಕೆಲ್ಸನೇ ಮುಖ್ಯನಾದವನು. ಕಿರಣದ ಅಪಾಯ ತಿಳಿಯದ ಕಾಲದಲ್ಲಿ ಕೈಯನ್ನು ಅದಕ್ಕೆ ಒಡ್ಡಿ ಒಡ್ಡಿ, ಬೆರಳುಗಳನ್ನೂ ಮುಂದೆ ಕೈಯನ್ನೂ ಕಳೆದುಕೊಂಡು ಅವನು 1928ರಲ್ಲಿ ತೀರಿಕೊಂಡ. ಈ ಶಾಸ್ತ್ರದ ಇತಿಹಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ ಹೆಸರು ಇದು.

ಹಂಟರನ ವಾದಕ್ಕೆ ಸರಿಯಾದ ಉತ್ತರವೆಂದರೆ ಲೆಕ್ಕ ಇಡುವುದು. ಎಷ್ಟು ಬೇರುಗಳು ವಾಸಿಯಾದುವು, ಎಷ್ಟು ಆಗಲಿಲ್ಲ, ಏಕೆ? 1956ರಲ್ಲಿ ಸ್ವೀಡನ್ನಿನ ಸ್ಟ್ರಿಂಡ್‌ಬೆರ್ಗ್ ಚಿಕಿತ್ಸೆಯಾದ ಹಲ್ಲುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ನೋವಿಲ್ಲದಿದ್ದರೆ ಸಾಲದು, ಕ್ಷಕಿರಣದ ಚಿತ್ರದಲ್ಲಿ ಬೇರಿನ ಸುತ್ತಣ ಮೂಳೆಯೂ ಸರಿಯಾಗಿರಬೇಕೆಂದು ಅಳತೆಗೋಲು ಹಾಕಿಕೊಟ್ಟ. 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಅವನ ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸಾಧಾರಣ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ, ಆಹಾರದ ಚೂರುಗಳು ಆ ತೂತಿನಲ್ಲಿ ತುಂಬಿಕೊಂಡರೂ, ತಿರುಳು ಬದುಕಿ ತನ್ನ ಮೇಲೆ ತಾನೇ ಗಟ್ಟಿಯಾದ ಸೇತುವೆ ಕಟ್ಟಿಕೊಂಡಿತು. ಬ್ಯಾಬಿಲೋನಿಯದ ಹುಳುವಿಗೆ ಅಂತೂ ಸರಿಯಾದ ರೂಪ ಸಿಕ್ಕಿತೆನ್ನಬಹುದು. ಅದು ಕಣ್ಣಿಗೆ ಕಾಣದಷ್ಟು ಚಿಕ್ಕದು, ಒಂದಲ್ಲ, ಅಸಂಖ್ಯ.

ಆದ್ದರಿಂದ ಯಶಸ್ಸನ್ನು ನಿರ್ಧರಿಸುವ ಕಾರಣಗಳೆಲ್ಲ ಒಂದೇ ಪ್ರಶ್ನೆಯ ಕವಲುಗಳು: ಆ ಜೀವಿಗಳು ಎಷ್ಟು ಒಳಕ್ಕೆ ಹೋಗಿವೆ, ಎಷ್ಟನ್ನು ಹೊರಹಾಕಿದೆವು, ಮತ್ತೆ ಬಾರದಂತೆ ತಡೆದೆವೇ? ಸ್ವೀಡನ್ನಿನಲ್ಲೇ 1990ರಲ್ಲಿ ಷೋಗ್ರೆನ್ ಮತ್ತು ಸಂಗಡಿಗರು ಎಂಟು ಹತ್ತು ವರ್ಷಗಳ ಬಳಿಕ ನೋಡಿದಾಗ, ಬೇರಿನ ತುದಿಗೆ ರೋಗ ತಲುಪುವ ಮೊದಲೇ ಚಿಕಿತ್ಸೆ ಪಡೆದ ಹಲ್ಲುಗಳು ನೂರಕ್ಕೆ 96ಕ್ಕಿಂತ ಹೆಚ್ಚು ಗುಣವಾಗಿದ್ದುವು. ತಿರುಳು ಸತ್ತು ಮೂಳೆ ಕರಗಿದ ಮೇಲೆ ಬಂದವು 86. ಒಮ್ಮೆ ಚಿಕಿತ್ಸೆಯಾಗಿ ಕೆಟ್ಟು, ಮೂಳೆಯ ರೋಗದೊಡನೆ ಮತ್ತೆ ಬಂದವು 62. ವೈದ್ಯನ ಕೈ ಅದೇ, ಉಪಕರಣ ಅವೇ. ವ್ಯತ್ಯಾಸವಾದದ್ದು ರೋಗಿ ಬಾಗಿಲಿಗೆ ಬಂದ ಹೊತ್ತಿನಲ್ಲಿ. ನಾಳವನ್ನು ತುಂಬಿದ ಪದಾರ್ಥ ಬೇರಿನ ತುದಿಗೆ ಎರಡು ಮಿಲಿಮೀಟರಿನೊಳಗೆ ನಿಲ್ಲಬೇಕು, ಅದನ್ನು ಮೀರಿ ದವಡೆಗೆ ಇಳಿಯಬಾರದು, ನಡುವೆ ಪೊಳ್ಳಿರಬಾರದು ಎಂಬುದೂ ಇಂಥ ಲೆಕ್ಕಗಳಿಂದಲೇ ಸ್ಥಿರವಾದದ್ದು.

ನಾಳವೆಂದಾಗ ನಮ್ಮ ಸೀಮೆಯವರಿಗೊಂದು ಅನುಕೂಲವಿದೆ. ಇದಕ್ಕೆ ಜನ ರೂಟ್ ಕೆನಾಲ್ ಎನ್ನುತ್ತಾರೆ. ಕನ್ನಂಬಾಡಿಯ ನೀರು ಕುಡಿದ ಮಂಡ್ಯದವರಿಗೆ ಕೆನಾಲೆಂದರೆ ನಾಲೆ. ಹಿಂದೆ ಇರ್ವಿನ್ ನಾಲೆಯಾಗಿದ್ದ ವಿಶ್ವೇಶ್ವರಯ್ಯ ನಾಲೆಯನ್ನು ನೋಡಿದವರಿಗೆ ಅದು ನೇರವಾದ ಒಂದೇ ಕಾಲುವೆಯಲ್ಲ, ಉಪನಾಲೆ, ತೂಬು, ಗದ್ದೆಯ ಬದುವಿನ ಸಣ್ಣ ಕಾಲುವೆಗಳವರೆಗೆ ಕವಲೊಡೆದ ಜಾಲವೆಂಬುದು ಗೊತ್ತು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಸಾವಿರಾರು ಹಲ್ಲುಗಳೊಳಗೆ ರಬ್ಬರು ತುಂಬಿ, ಹಲ್ಲನ್ನು ಕರಗಿಸಿ, ಒಳಗಿನ ದಾರಿಗಳ ಅಚ್ಚು ತೆಗೆದಾಗ ಕಂಡದ್ದೂ ಅಂಥದೇ ಜಾಲ. ಮೇಲ್ದವಡೆಯ ಮೊದಲನೆಯ ದೊಡ್ಡ ಹಲ್ಲಿನಲ್ಲಿ ಮೂರು ನಾಳಗಳೆಂದು ಬಗೆದು ಕೆಲಸ ಮುಗಿಸುತ್ತಿದ್ದರು. ಎಷ್ಟೋ ಹಲ್ಲುಗಳಲ್ಲಿ ನಾಲ್ಕನೆಯದೂ ಉಂಟು. ಬಿಟ್ಟುಹೋದ ಆ ಒಂದು ಕವಲಿನಲ್ಲಿ ಉಳಿದ ಕೊಳೆ ಇಡೀ ಕೆಲಸವನ್ನು ಕೆಡಿಸಬಲ್ಲುದು. ಸಲಾಕೆ ತಲುಪದ ಕಡೆಗೆ ದ್ರವ ತಲುಪಬೇಕು. ಸೋಡಿಯಂ ಹೈಪೋಕ್ಲೋರೈಟಿನಿಂದ ನಾಳವನ್ನು ಮತ್ತೆ ಮತ್ತೆ ತೊಳೆಯುವುದು ಅದಕ್ಕಾಗಿ.

ಇನ್ನು ಬಾಗಿಲು ಮುಚ್ಚುವ ಮಾತು. 1995ರಲ್ಲಿ ರೇ ಮತ್ತು ಟ್ರೋಪ್ ಎಂಬಿಬ್ಬರು 1010 ಹಲ್ಲುಗಳ ಚಿತ್ರಗಳನ್ನು ಪರೀಕ್ಷಿಸಿದರು. ಬೇರಿನ ಕೆಲಸವೂ ಮೇಲಿನ ಮುಚ್ಚಳವೂ ಚೆನ್ನಾಗಿದ್ದರೆ ನೂರಕ್ಕೆ 91.4 ಹಲ್ಲುಗಳು ನಿರೋಗಿಯಾಗಿದ್ದುವು. ಎರಡೂ ಕೆಟ್ಟಿದ್ದರೆ 18.1 ಮಾತ್ರ. ಬೇರಿನ ಕೆಲಸ ಉತ್ತಮವಾಗಿದ್ದು ಮುಚ್ಚಳ ಕೆಟ್ಟಿದ್ದರೆ 44.1. ಮುಂದಿನ ಅಧ್ಯಯನಗಳು ಎರಡನ್ನೂ ಹೆಚ್ಚುಕಡಮೆ ಸಮನಾಗಿ ತೂಗಿವೆ. ಇರಲಿ; ಮುಚ್ಚಳ ಬರಿಯ ಅಲಂಕಾರವಲ್ಲ ಎಂಬುದಂತೂ ಸಿದ್ಧವಾಯಿತು.

ಇದೆಲ್ಲ ನಮ್ಮ ನಾಡಿಗೆ ಬಂದದ್ದು ತಡವಾಗಿ. ಕಲ್ಕತ್ತೆಯಲ್ಲಿ ಡಾ. ಆರ್. ಅಹ್ಮದ್ ಅವರು ದೇಶದ ಮೊದಲ ದಂತವೈದ್ಯ ಕಾಲೇಜನ್ನು 1920ರಲ್ಲಿ ತೆರೆದರು. ಬೆಂಗಳೂರಿನ ಸರ್ಕಾರಿ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜು 1986ರಲ್ಲಿ ಆರಂಭವಾದುವು. ಅದಕ್ಕೆ ಮೊದಲು ನಮ್ಮ ಹಳ್ಳಿಯವರಿಗೆ ಹಲ್ಲಿನ ವೈದ್ಯವೆಂದರೆ ಲವಂಗದೆಣ್ಣೆ, ಅದು ಸೋತರೆ ಇಕ್ಕಳ. ನಲವತ್ತಕ್ಕೆ ಬೊಚ್ಚುಬಾಯಿಯಾದ ಹೆಂಗಸರನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ರಾಗಿಮುದ್ದೆಗೆ ಹಲ್ಲು ಬೇಕಿಲ್ಲವೆಂಬ ಸಮಾಧಾನವನ್ನು ಅವರೇ ಹೇಳಿಕೊಳ್ಳುತ್ತಿದ್ದರು.

ಈಗ ತಾಲ್ಲೂಕು ಪಟ್ಟಣಗಳಲ್ಲೂ ದಂತ ಚಿಕಿತ್ಸಾಲಯಗಳಿವೆ, ಕ್ಷಕಿರಣವಿದೆ, ನೋಯದಂತೆ ಮಾಡುವ ಸೂಜಿಯಿದೆ. ಆದರೂ ಹಲ್ಲುಗಳು ಕಳೆದುಹೋಗುತ್ತಿರುವುದು ಬೇರೊಂದು ಕಡೆಯಲ್ಲಿ. ನನ್ನ ಚಿಕ್ಕಪ್ಪನ ಮಗ, ಕಬ್ಬು ಬೆಳೆಯುವ ರೈತ, ದವಡೆಹಲ್ಲಿಗೆ ಚಿಕಿತ್ಸೆ ಆರಂಭಿಸಿಕೊಂಡ. ಮೊದಲ ದಿನ ವೈದ್ಯರು ಹಲ್ಲನ್ನು ತೆರೆದು, ಶುದ್ಧಿಮಾಡಿ, ತಾತ್ಕಾಲಿಕವಾದ ಮುಚ್ಚಳವಿಟ್ಟು, ವಾರ ಬಿಟ್ಟು ಬರಹೇಳಿದರು. ಇವನು ಹೋಗಲಿಲ್ಲ. ಕೇಳಿದ್ದಕ್ಕೆ, "ನೋವೇ ಇಲ್ವಲ್ಲ ಅಣ್ಣಯ್ಯ, ಮತ್ಯಾಕೆ ಹೋಗ್ಲಿ?" ಎಂದ. ಆಗ ಕಟಾವಿನ ಕಾಲ. ಕಾರ್ಖಾನೆಯ ಹಣ ಕೈಗೆ ಬಂದಿರಲಿಲ್ಲ. ಮುಂದೆ ಹಾಕಿಸಬೇಕಾದ ಕ್ಯಾಪಿನ ಖರ್ಚು ಚಿಕಿತ್ಸೆಯ ಖರ್ಚಿನಷ್ಟೇ ಆಗುತ್ತದೆಂದು ಯಾರೋ ಹೇಳಿದ್ದರು. ತಾತ್ಕಾಲಿಕ ಮುಚ್ಚಳ ವಾರಗಳ ಮಾತು, ತಿಂಗಳುಗಳದ್ದಲ್ಲ. ತಿರುಳು ತೆಗೆಯಲೆಂದು ಒಳಗೆ ಕೊರೆದು ಟೊಳ್ಳಾದ ದವಡೆಹಲ್ಲು ಅಗಿಯುವ ಒತ್ತಡಕ್ಕೆ ಸೀಳುವ ಸಂಭವವೂ ಹೆಚ್ಚು. ಅವನ ಹಲ್ಲು ಯುಗಾದಿಯ ಹೊತ್ತಿಗೆ ಬೇರಿನವರೆಗೆ ಎರಡಾಗಿ ಸೀಳಿತು. ಹಾಗೆ ಸೀಳಿದ ಹಲ್ಲಿಗೆ ಉಳಿದದ್ದು ಇಕ್ಕಳ ಒಂದೇ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಬೇರಿನ ತುದಿಯ ಮೂಳೆ ತುಂಬಿಬರುವುದು ನಿಧಾನ. ಹೊಗೆಸೊಪ್ಪು ವಸಡನ್ನು ಕೆಡಿಸಿದ ಬಾಯಲ್ಲಿ ಬೇರು ಶುದ್ಧವಾಗಿದ್ದರೂ ಹಲ್ಲಿಗೆ ಆಧಾರವಿರುವುದಿಲ್ಲ. ಮೊದಲೇ ರೋಗ ಹಿಡಿದಿದ್ದ ಮೂಳೆ ತುಂಬಿಕೊಳ್ಳಲು ತಿಂಗಳುಗಳಲ್ಲ, ಕೆಲವೊಮ್ಮೆ ವರ್ಷಗಳೇ ಬೇಕು. ಅದಕ್ಕಾಗಿ ಬೇರಿನ ಚಿಕಿತ್ಸೆಯಾದ ಹಲ್ಲಿಗೆ ವರ್ಷ ಕಳೆದ ಮೇಲೆ ಇನ್ನೊಂದು ಚಿತ್ರ ತೆಗೆಸುತ್ತಾರೆ. ಕಪ್ಪು ಮಚ್ಚೆ ಚಿಕ್ಕದಾಗಿದ್ದು ಪೂರ್ತಿ ಹೋಗದಿದ್ದರೆ ನಾಲ್ಕು ವರ್ಷದವರೆಗೂ ಕಾದು ನೋಡುತ್ತಾರೆ. ನೋವಿಲ್ಲದ ಹಲ್ಲನ್ನು ತೋರಿಸಲು ಬಸ್ಸು ಹತ್ತಿ ಬರುವವರು ಬಹಳ ಕಡಮೆಯೆಂದು ಆ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಹೇಳುತ್ತಾರೆ. ಹಾಗೆ ಬಂದವರ ಚಿತ್ರಗಳನ್ನು ಅವರು ಹೆಸರು, ಇಸವಿ ಬರೆದು ಬೇರೆಯಾಗಿಯೇ ಜೋಡಿಸಿಟ್ಟಿದ್ದಾರೆ.