ಕೆಳ ಆವರ್ತನದ ಗ್ರಾಹಕ ಆಂಟೆನಾಗಳು: ಕರ್ನಾಟಕದ ಚರಿತ್ರೆ

ರೇಡಿಯೊ ಪಟ್ಟಿಯ ಕೆಳತುದಿಯ ದುರ್ಬಲ ಸಂಕೇತಗಳನ್ನು ಗದ್ದಲದಿಂದ ಬಿಡಿಸಿಕೊಳ್ಳಲೆಂದೇ ಕಟ್ಟುವ, ಪ್ರಸಾರಕ್ಕೆ ಬಳಸದ ಆಂಟೆನಾಗಳಿವು. ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ‘ಕೆಳ’ ಎಂದರೆ 160, 80, 40 ಮೀಟರ್ ಪಟ್ಟಿಗಳು, ಅಂದರೆ ಸುಮಾರು 1.8ರಿಂದ 7 ಮೆಗಾಹರ್ಟ್ಸ್. ರೇಡಿಯೊ ಖಗೋಳಜ್ಞರು ಇದೇ ಮಾತನ್ನು ಹತ್ತಾರು ಮೆಗಾಹರ್ಟ್ಸ್‌ವರೆಗೂ ಹಿಗ್ಗಿಸುತ್ತಾರೆ. ಎರಡರ ಚರಿತ್ರೆಯನ್ನೂ ಬೇರೆಬೇರೆ ಬರೆಯುವುದು ವಾಡಿಕೆ. ಕೆಲಸ ಮಾಡುವ ತತ್ತ್ವ ಒಂದೇ ಆದ್ದರಿಂದ ಇಲ್ಲಿ ಕೂಡಿಸಿದೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರ ಪ್ರಸಾರದ ಕಥೆಗೆ ಸೇರಿದ್ದು. ಅದನ್ನು ಇಲ್ಲಿ ಬಿಟ್ಟಿದೆ.

ತತ್ತ್ವ

ಈ ಆವರ್ತನಗಳಲ್ಲಿ ಹೊರಗಿನಿಂದ ಬರುವ ಗದ್ದಲ ಅಭಿಗ್ರಾಹಿಯ ಒಳಗದ್ದಲಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಆಂಟೆನಾ ಶಕ್ತಿಯನ್ನು ಎಷ್ಟು ಸಮರ್ಥವಾಗಿ ಹಿಡಿಯುತ್ತದೆ ಎಂಬುದು ಗೌಣ. ಸಂಕೇತವೂ ಗದ್ದಲವೂ ಒಂದೇ ಪ್ರಮಾಣದಲ್ಲಿ ತಗ್ಗಿದರೆ ನಷ್ಟವಿಲ್ಲ, ತಗ್ಗಿದ್ದನ್ನು ವರ್ಧಕ ತುಂಬಿಕೊಡುತ್ತದೆ. ಬೇಡದ ದಿಕ್ಕಿಗೆ ಆಂಟೆನಾ ಎಷ್ಟು ಕಿವುಡಾಗಿದೆ ಎಂಬುದೇ ಮುಖ್ಯ. ಪ್ರಸಾರಕ್ಕೆ ಒಳ್ಳೆಯದಾದ ಎತ್ತರದ ಲಂಬ ಆಂಟೆನಾ ಆಲಿಸಲು ಸಾಧಾರಣವಾಗುವುದಕ್ಕೆ ಇದೇ ಕಾರಣ: ಅದು ಸುತ್ತಲ ಎಲ್ಲ ದಿಕ್ಕಿನ ಗದ್ದಲವನ್ನೂ ಸಮನಾಗಿ ಒಳಗೆ ಬಿಟ್ಟುಕೊಳ್ಳುತ್ತದೆ.

ಇದನ್ನು ಕಾರ್ಯರೂಪಕ್ಕೆ ತಂದ ಮೊದಲಿಗರಲ್ಲೊಬ್ಬರು ಅಮೆರಿಕದ ಹೆರಾಲ್ಡ್ ಬೆವರೇಜ್. ಅವರ ಆಂಟೆನಾಕ್ಕೆ 1921ರಲ್ಲಿ ಪೇಟೆಂಟ್ ದೊರೆಯಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರೋಸನ್‌ನಲ್ಲಿ ಬೆವರೇಜ್ ತಂತಿ ಎಳೆದು ಅಟ್ಲಾಂಟಿಕ್‌ನ ಆಚೆಯ ಹವ್ಯಾಸಿಗಳನ್ನು ಆಲಿಸಿದರು. ನೆಲದಿಂದ ಒಂದೆರಡು ಆಳೆತ್ತರದಲ್ಲಿ ಎಳೆದ, ತುದಿಯಲ್ಲಿ ಕೆಲವು ನೂರು ಓಮ್ ರೋಧಕವಿರುವ ನೀಳ ತಂತಿಯಷ್ಟೇ ಅದು. 160 ಮೀಟರ್ ಪಟ್ಟಿಗೆ ಒಂದು ತರಂಗದೂರವೆಂದರೂ ಅಷ್ಟೇ ಮೀಟರಿನ ಉದ್ದ ಬೇಕು. ನೆಲ ಕೆಟ್ಟ ವಾಹಕವಾಗಿದ್ದಷ್ಟೂ ಅಲೆಯ ಮುಖ ಮುಂದಕ್ಕೆ ಬಾಗಿ ತಂತಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ನೀರು ನಿಂತ ಗದ್ದೆಗಿಂತ ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯ ಒಣ, ಕಲ್ಲುಮಿಶ್ರಿತ ನೆಲ ಇದಕ್ಕೆ ಅನುಕೂಲ. ಜಾಗವಿಲ್ಲದ ನಗರದವರಿಗೆ 1990ರ ದಶಕದಲ್ಲಿ ಯೂ (EWE) ಮತ್ತು ಕೆ9ಎವೈ ಎಂಬ ಸಣ್ಣ ವಿನ್ಯಾಸಗಳು ಬಂದವು. ಅಂಗಳದಲ್ಲಿ ಹಿಡಿಯುವ ಇವು ಅಲ್ಪವೇ ಸಂಕೇತ ಹೀರಿದರೂ ಹಿಂದಿನ ದಿಕ್ಕನ್ನು ಚೆನ್ನಾಗಿ ಅಳಿಸುತ್ತವೆ.

ಗುಡುಗಿನ ಗದ್ದಲ

ಹ್ಯಾಮ್ ಕೈಪಿಡಿಗಳು ಹೆಚ್ಚಾಗಿ ಸಮಶೀತೋಷ್ಣ ವಲಯದಲ್ಲಿ ಬರೆದವು. ಅಲ್ಲಿನ ಚಳಿಗಾಲದ ಗದ್ದಲದ ಮಟ್ಟ ನಮ್ಮಲ್ಲಿಗೆ ಸಲ್ಲದು. ಉಷ್ಣವಲಯದ ಗುಡುಗುಮಳೆ ಹೊರಸೂಸುವ ರೇಡಿಯೊ ಗದ್ದಲವನ್ನು ಅಳೆದು ಲೆಕ್ಕಕ್ಕೆ ತಂದವರಲ್ಲಿ ಎಸ್. ವಿ. ಚಂದ್ರಶೇಖರ ಅಯ್ಯ ಪ್ರಮುಖರು. 1950ರ ದಶಕದ ಅವರ ಲೇಖನಗಳು ಹೊರಬಂದದ್ದು ಪುಣೆಯ ಎಂಜಿನಿಯರಿಂಗ್ ಕಾಲೇಜಿನಿಂದ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹ್ಯಾಮ್ ಚರಿತ್ರೆಯಲ್ಲಿ ಅವರ ಹೆಸರು ಬಾರದಿರುವುದು ದೊಡ್ಡ ಕೊರತೆ. ದಕ್ಷಿಣ ಕರ್ನಾಟಕದಲ್ಲಿ ಅಶ್ವಿನಿ, ಭರಣಿ ಮಳೆಗಳಲ್ಲೂ ಹಸ್ತ, ಚಿತ್ತಾ ಮಳೆಗಳಲ್ಲೂ ಸಿಡಿಲು ಹೆಚ್ಚು. ಆಗ 160 ಮೀಟರ್ ಪಟ್ಟಿಯಲ್ಲಿ ದೂರದ ಕೇಂದ್ರ ಕೇಳುವುದಾದರೆ ಅದು ಸಿಡಿಲಿರದ ದಿಕ್ಕಿಗಷ್ಟೇ ಕಿವಿಗೊಡುವ ಆಂಟೆನಾದಿಂದ.

ಗೌರಿಬಿದನೂರು

ಈ ಊರಿನ ಹೆಸರಿನಲ್ಲಿ ಎರಡು ವ್ಯೂಹಗಳಿವೆ, ಸುಲಭವಾಗಿ ಬೆರೆತುಹೋಗುತ್ತವೆ. 1965ರಲ್ಲಿ ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದಿಂದ ಹಾಕಿದ್ದು ಭೂಕಂಪನ ವ್ಯೂಹ. ಭೂಮಿಯೊಳಗಿನ ಪರಮಾಣು ಪರೀಕ್ಷೆಗಳ ನಡುಕವನ್ನು ಆಲಿಸುವುದು ಅದರ ಕೆಲಸ, ರೇಡಿಯೊಗೂ ಅದಕ್ಕೂ ಸಂಬಂಧವಿಲ್ಲ. ರೇಡಿಯೊ ವೀಕ್ಷಣಾಲಯ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ 1976ರಿಂದ ಜಂಟಿಯಾಗಿ ನಡೆಸಿದ್ದು. ಅದನ್ನು ಬೆಳೆಸಿದವರಲ್ಲಿ ಸಿ. ಎಚ್. ವಿ. ಶಾಸ್ತ್ರಿ ಮುಖ್ಯರು.

ಈ ವೀಕ್ಷಣಾಲಯದ 34.5 ಮೆಗಾಹರ್ಟ್ಸ್‌ನ ದೂರದರ್ಶಕದಲ್ಲಿ ಬಟ್ಟಲಿನಾಕಾರದ ಆಂಟೆನಾ ಇರಲಿಲ್ಲ. ಸಾವಿರ ದ್ವಿಧ್ರುವಗಳು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಿದ್ದವು: ಪೂರ್ವ-ಪಶ್ಚಿಮ ತೋಳು 1.38 ಕಿಲೋಮೀಟರ್, ದಕ್ಷಿಣ ತೋಳು 0.45 ಕಿಲೋಮೀಟರ್. ಈ ಆವರ್ತನದಲ್ಲಿ ಆಕಾಶಗಂಗೆಯ ಹಿನ್ನೆಲೆಯೇ ಹತ್ತು ಸಾವಿರ ಕೆಲ್ವಿನ್ ಆಸುಪಾಸಿನಿಂದ ಮೇಲಿರುವುದರಿಂದ ಒಂದೊಂದು ದ್ವಿಧ್ರುವದ ಜಾಣತನಕ್ಕಿಂತ ಅವುಗಳ ಜೋಡಣೆಗೆ ಬೆಲೆ. ಬೆವರೇಜ್ ತಂತಿಯ ಲೆಕ್ಕವೇ ಇಲ್ಲೂ. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದರಿಂದ ಮಾಡಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ದಕ್ಷಿಣ 50 ಡಿಗ್ರಿಯಿಂದ ಉತ್ತರ 70 ಡಿಗ್ರಿವರೆಗಿನ ಆಕಾಶ ಅದರಲ್ಲಿದೆ. 2001ರಲ್ಲಿ ಬಿ0943+10 ಎಂಬ ಪಲ್ಸಾರ್‌ನ ಉಪಮಿಡಿತಗಳ ಜಾರುವಿಕೆಯ ವಿಶ್ಲೇಷಣೆಯೂ ಇಲ್ಲಿನ ವೀಕ್ಷಣೆಯಿಂದ ಬಂತು. ವೀಕ್ಷಣಾಲಯ ಕಟ್ಟಿದ ವರ್ಷ, ದೂರದರ್ಶಕದ ವಿವರ ಅಚ್ಚಾದ ವರ್ಷ (1989), ನಕ್ಷೆಯ ವರ್ಷ ಮೂರೂ ಬೇರೆ ಎಂಬುದನ್ನು ನೆನಪಿಡಬೇಕು. 1997ರಲ್ಲಿ ಅಲ್ಲೇ ಸೂರ್ಯನ ಕರೋನಾವನ್ನು ಚಿತ್ರಿಸುವ ರೇಡಿಯೊಹೀಲಿಯೋಗ್ರಾಫ್ ಕೆಲಸ ಶುರುಮಾಡಿತು.

ಸರಸ್

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಲಿಸುತ್ತಿದ್ದ ಎಡ್ಜಸ್ ತಂಡ 78 ಮೆಗಾಹರ್ಟ್ಸ್ ಬಳಿ ರೋಹಿತದಲ್ಲಿ ಒಂದು ಆಳದ ತಗ್ಗನ್ನು ಕಂಡು, ಅದು ಮೊದಲ ನಕ್ಷತ್ರಗಳ ಕಾಲದ ಜಲಜನಕದ ಗುರುತು ಎಂದಿತು. ಸಿದ್ಧಾಂತ ನಿರೀಕ್ಷಿಸಿದ್ದಕ್ಕಿಂತ ಆ ತಗ್ಗು ಆಳವಾಗಿತ್ತು. ಆಂಟೆನಾದ ಕೆಳಗೆ ಹಾಸಿದ್ದ ಲೋಹದ ಜಾಲರಿಯೇ ಅದನ್ನು ಹುಟ್ಟಿಸಿರಬಹುದೆಂಬ ತಕರಾರೂ ಎದ್ದಿತು. ರಾಮನ್ ಸಂಶೋಧನಾ ಸಂಸ್ಥೆಯ ಸರಸ್ ತಂಡ ಈ ನೆಲದ ತೊಡಕನ್ನು ತಪ್ಪಿಸಲು ಆಂಟೆನಾವನ್ನೇ ನೀರಿಗಿಳಿಸಿತು. ಮಣ್ಣು ಪದರ ಪದರವಾಗಿದ್ದು, ಒಳಗಿನಿಂದ ತಿರುಗಿ ಬರುವ ಅಲೆ ರೋಹಿತದಲ್ಲಿ ಏರಿಳಿತ ತರುತ್ತದೆ. ಆಳವಾದ ನೀರು ಏಕರೂಪದ್ದು. ಹೀಗೆ ಸರಸ್ 3ರ ಶಂಕುವಿನಾಕಾರದ ಆಂಟೆನಾ 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೆಪ್ಪದ ಮೇಲೆ ತೇಲಿತು. ಎಫ್‌ಎಂ ಕೇಂದ್ರಗಳ ಹಾವಳಿಯಿಂದ ಕೆಳಗಿರುವ 55ರಿಂದ 85 ಮೆಗಾಹರ್ಟ್ಸ್‌ನ ಅಳತೆಯನ್ನು ವಿಶ್ಲೇಷಣೆಗೆ ತೆಗೆದುಕೊಳ್ಳಲಾಯಿತು.

2022ರ ಫೆಬ್ರವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂದ ಫಲಿತಾಂಶ ಎಡ್ಜಸ್ ಹೇಳಿದ ಆಕಾರದ ತಗ್ಗನ್ನು ಶೇ. 95.3 ವಿಶ್ವಾಸಮಟ್ಟದಲ್ಲಿ ತಳ್ಳಿಹಾಕಿತು. ಇದನ್ನು ‘ಆದಿ ನಕ್ಷತ್ರಗಳ ಸಂಕೇತವೇ ಇಲ್ಲ’ ಎಂದು ಓದುವುದು ತಪ್ಪು. ತಳ್ಳಿಹಾಕಿದ್ದು ಆ ಒಂದು ಆಕಾರವನ್ನು ಮಾತ್ರ. ಇನ್ನೂ ಮಂದವಾದ ಸಂಕೇತಕ್ಕೆ ಅವಕಾಶ ಉಳಿದಿದೆ. ಮುಂದಿನ ಹಂತವಾಗಿ ಅದೇ ಸಂಸ್ಥೆ ಪ್ರತುಷ್ ಎಂಬ ಉಪಕರಣವನ್ನು ಯೋಜಿಸಿದೆ. ಚಂದ್ರನ ಕಕ್ಷೆಯಲ್ಲಿ ಸುತ್ತುವ ಅದು, ಭೂಮಿಯ ರೇಡಿಯೊ ಕೇಂದ್ರಗಳು ಚಂದ್ರನ ಮರೆಗೆ ಸರಿದ ಹೊತ್ತಿನಲ್ಲಿ ಆಲಿಸಬೇಕೆಂಬುದು ಉದ್ದೇಶ. ಅಲ್ಲಿ ಆಂಟೆನಾದ ಕೆಳಗೆ ನೆಲವೂ ಇಲ್ಲ, ನೀರೂ ಇಲ್ಲ.