ಯೋಡಾನ ಅಜ್ಞಾತವಾಸ: ಕತ್ತರಿಸಿ ತೆಗೆದ ಒಂದು ಸಂಭಾಷಣೆಯ ಸಾಕ್ಷ್ಯ

‘ಸ್ಟಾರ್ ವಾರ್ಸ್’ ಮೇಲೆ ವಿಜ್ಞಾನ ಕಾದಂಬರಿಕಾರ ಡೇವಿಡ್ ಬ್ರಿನ್ 1999ರಲ್ಲಿ ಸಲೋನ್ ಪತ್ರಿಕೆಯಲ್ಲಿ ಹೂಡಿದ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ. ಹುಟ್ಟಿನಿಂದಲೇ ಶಕ್ತರಾದ ನಾಲ್ಕು ಜನ ಲೋಕದ ಹಣೆಬರಹ ಬರೆಯುತ್ತಾರೆ, ಸಾಮಾನ್ಯರು ಸುಮ್ಮನೆ ನೋಡುತ್ತಾರೆ ಎಂಬುದು ಅವರ ಮುಖ್ಯ ದೂರು. ಆ ನಾಲ್ವರಲ್ಲಿ ಅವರ ಕೋಪಕ್ಕೆ ಹೆಚ್ಚು ಗುರಿಯಾದವನು ಜೆಡೈ ಗುರು ಯೋಡಾ. 2006ರಲ್ಲಿ ಈ ಜಗಳ ‘ಸ್ಟಾರ್ ವಾರ್ಸ್ ಆನ್ ಟ್ರಯಲ್’ ಎಂಬ ಪುಸ್ತಕವಾಯಿತು. ಅದರ ರೂಪವೇ ನ್ಯಾಯಾಲಯದ್ದು: ಬ್ರಿನ್ ಫಿರ್ಯಾದಿ, ಕಾದಂಬರಿಕಾರ ಮ್ಯಾಥ್ಯೂ ಸ್ಟೋವರ್ ಪ್ರತಿವಾದಿ.

ಬ್ರಿನ್ ಜಾಡು ಹಿಡಿದವರು ಆ ದೂರನ್ನು ಯೋಡಾನ ದೇಶಾಂತರವಾಸಕ್ಕೂ ಹಿಗ್ಗಿಸಿದ್ದಾರೆ. ಚಕ್ರವರ್ತಿಯ ಎದುರು ಸೋತ ಮುದುಕ ಓಡಿಹೋಗಿ ಡಾಗೋಬಾ ಗ್ರಹದ ಜೌಗಿನಲ್ಲಿ ಅಡಗಿ ಕೂತ, ಅಷ್ಟರಲ್ಲಿ ಲೋಕ ಸುಟ್ಟುಹೋಯಿತು ಎಂಬುದು ಅವರ ಓದು. ಯೋಡಾನ ಪರ ವಹಿಸುವವರ ಉತ್ತರವೂ ನನಗೆ ಸಮ್ಮತವಲ್ಲ. ಅವರ ಪ್ರಕಾರ ಅದು ಓಟವಲ್ಲ, ತಂತ್ರ. ಡಾಗೋಬಾದ ಗುಹೆಯಲ್ಲಿರುವ ಕರಾಳ ಶಕ್ತಿ ಯೋಡಾನ ಇರವನ್ನು ಮರೆಮಾಚಿತು. (ಈ ಮರೆಯ ಸಿದ್ಧಾಂತಕ್ಕೆ ಬೀಜ ಟಿಮೋತಿ ಝಾನ್ 1990ರ ದಶಕದ ಆರಂಭದಲ್ಲಿ ಬರೆದ ಕಾದಂಬರಿಗಳಲ್ಲಿದೆ. ಝಾನ್ ಅದನ್ನು ಕಥೆಯಾಗಿ ಹೇಳಿದರು; ಸಿದ್ಧಾಂತ ಮಾಡಿದವರು ಕೈಪಿಡಿ ಬರೆದವರು.) ಡಾಗೋಬಾ ಒಂದು ಅಡಗುದಾಣ ಎಂಬುದನ್ನು ಎರಡು ಬಣವೂ ಪ್ರಶ್ನಿಸದೆ ಒಪ್ಪಿಕೊಂಡಿವೆ. ನನ್ನ ತಕರಾರು ಇರುವುದು ಅಲ್ಲಿಯೇ.

ಮೊದಲು 1980ರ ಪದರವನ್ನು ಬೇರೆ ಇಟ್ಟು ನೋಡಬೇಕು. 1977ರ ಚಿತ್ರದಲ್ಲಿ ಗುರು ಓಬಿ-ವಾನ್ ಸತ್ತ ಮೇಲೆ ಕಥಾನಾಯಕ ಲ್ಯೂಕ್‌ಗೆ ಕಲಿಸಲು ಇನ್ನೊಬ್ಬ ಗುರು ಬೇಕಾದ. ಯೋಡಾ ಹುಟ್ಟಿದ್ದು ಈ ಕಥನದ ಅಗತ್ಯದಿಂದ. ಲೀ ಬ್ರ್ಯಾಕೆಟ್ 1978ರಲ್ಲಿ ಬರೆದ ಮೊದಲ ಕರಡಿನಲ್ಲಿ ಅವನ ಹೆಸರು ಮಿಂಚ್. ಅದೇ ಕರಡಿನಲ್ಲಿ ಲ್ಯೂಕ್‌ನ ತಂದೆ ಪ್ರೇತವಾಗಿ ಬರುತ್ತಾನೆ, ಖಳನಾಯಕ ವೇಡರ್ ಬೇರೆಯೇ ಒಬ್ಬ. ಅಂದಮೇಲೆ ಶಿಷ್ಯನ ಪತನ, ಗುರುವಿನ ಸೋಲು, ಪಶ್ಚಾತ್ತಾಪ ಯಾವುದಕ್ಕೂ ಅಲ್ಲಿ ಜಾಗವೇ ಇರಲಿಲ್ಲ. ತೆರೆಗೆ ಬಂದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲೂ ಯೋಡಾ ಸೋತು ಬಂದವನೆಂದು ಯಾರೂ ಹೇಳುವುದಿಲ್ಲ. ಚಕ್ರವರ್ತಿಯಾಗಲಿ ವೇಡರ್ ಆಗಲಿ 1980 ಮತ್ತು 1983ರ ಚಿತ್ರಗಳಲ್ಲಿ ಒಮ್ಮೆಯೂ ಅವನ ಹೆಸರೆತ್ತುವುದಿಲ್ಲ. ಬೇಟೆಗಾರನ ಬಾಯಲ್ಲಿ ಬೇಟೆಯ ಸುದ್ದಿಯೇ ಇಲ್ಲ. ತಲೆಮರೆಸಿಕೊಂಡ ಯೋಡಾನನ್ನು ಈ ಚಿತ್ರಗಳಲ್ಲಿ ಕಾಣುವವರು 2005ರ ಕಥೆಯನ್ನು ಹಿಂದಕ್ಕೆ ಹೇರುತ್ತಿದ್ದಾರೆ.

ದೇಶಾಂತರವಾಸ ಕಥೆಯೊಳಗೆ ಬಂದದ್ದು ಇಪ್ಪತ್ತೈದು ವರ್ಷ ತಡವಾಗಿ, ‘ರಿವೆಂಜ್ ಆಫ್ ದ ಸಿತ್’ನಲ್ಲಿ. ಸೆನೆಟ್ ಸಭಾಂಗಣದ ದ್ವಂದ್ವಯುದ್ಧ ಎಲ್ಲರಿಗೂ ಗೊತ್ತು. ಚಕ್ರವರ್ತಿ ಸಿಡಿಯಸ್ ಮೇಲೆಯೇ ಹಿಡಿದುಕೊಂಡು ಉಳಿಯುತ್ತಾನೆ, ಯೋಡಾ ಕೆಳಗೆ ಬೀಳುತ್ತಾನೆ, ಮಿತ್ರ ಬೇಲ್ ಆರ್ಗಾನಾನ ವಾಹನ ಹತ್ತುತ್ತಾನೆ, ತಾನು ಸೋತೆ, ಇನ್ನು ದೇಶಾಂತರವೇ ಗತಿ ಎನ್ನುತ್ತಾನೆ. ಬ್ರಿನ್ ಬಣಕ್ಕೆ ಇಷ್ಟೇ ಸಾಕು. ಆದರೆ ಮುಂದಿನ ದೃಶ್ಯಗಳನ್ನು ನಿಧಾನವಾಗಿ ನೋಡಿ. ಲ್ಯೂಕ್‌ನ ತಾಯಿ ಪಾಡ್ಮೆಯ ಸಾವಿನ ನಂತರ ಅವಳ ಮಕ್ಕಳನ್ನು ಎಲ್ಲಿಡಬೇಕೆಂದು ತೀರ್ಮಾನವಾಗುತ್ತದೆ. ಹೊರಡಲಿದ್ದ ಓಬಿ-ವಾನ್‌ನನ್ನು ಯೋಡಾ ತಡೆದು ನಿಲ್ಲಿಸುತ್ತಾನೆ. ಟಾಟೂಯಿನ್‌ನ ಒಂಟಿತನದಲ್ಲಿ ನಿನಗೊಂದು ಅಭ್ಯಾಸವಿದೆ, ಸತ್ತ ನಿನ್ನ ಗುರು ಕ್ವೈ-ಗಾನ್ ಸಾವನ್ನು ದಾಟುವ ದಾರಿ ಕಂಡುಕೊಂಡಿದ್ದಾನೆ ಎಂಬರ್ಥದ ಮಾತಾಡುತ್ತಾನೆ. ಯೋಡಾಗೆ ಇದು ತಿಳಿದದ್ದು ಯಾವಾಗ? ಹೇಳಿದವರು ಯಾರು? ಚಿತ್ರದಲ್ಲಿ ಉತ್ತರವಿಲ್ಲ. ಓಬಿ-ವಾನ್‌ನ ಮುಖದ ಬೆರಗು ಪ್ರೇಕ್ಷಕನದೂ ಹೌದು. ಹಳೆಯ ಗ್ರಂಥಗಳ ಪಾಠ ಪರಿಷ್ಕರಿಸುವವರಿಗೆ ಈ ಲಕ್ಷಣ ಪರಿಚಿತ: ಮುಂದಿನ ಪದ್ಯ ಹಿಂದಿನ ಪದ್ಯವನ್ನು ಬೇಡುತ್ತದೆ, ಹಿಂದಿನದು ಪ್ರತಿಯಲ್ಲಿ ಇರುವುದಿಲ್ಲ. ಓಲೆಯೊಂದು ಕಳೆದುಹೋಗಿದೆ ಎಂದೇ ಅರ್ಥ.

ಆ ಓಲೆ ನಮ್ಮ ಅದೃಷ್ಟಕ್ಕೆ ಉಳಿದಿದೆ. ಚಿತ್ರಕಥೆಯಲ್ಲಿದ್ದು ಸಂಕಲನದಲ್ಲಿ ಬಿದ್ದುಹೋದ ದೃಶ್ಯದಲ್ಲಿ, ಪಾಡ್ಮೆ ಸತ್ತ ಪೋಲಿಸ್ ಮಾಸಾದಲ್ಲಿ ಧ್ಯಾನಕ್ಕೆ ಕೂತ ಯೋಡಾ ಕ್ವೈ-ಗಾನ್‌ನ ದನಿಯೊಂದಿಗೆ ಮಾತಾಡುತ್ತಾನೆ. ಮಾತಿನ ಕೊನೆಗೆ, ನೀನು ನಿಜಕ್ಕೂ ಮಹಾಗುರುವಾದೆ, ನಿನ್ನ ಶಿಷ್ಯತ್ವವನ್ನು ಕೃತಜ್ಞತೆಯಿಂದ ಒಪ್ಪುತ್ತೇನೆ ಎಂದು ಹೇಳುತ್ತಾನೆ. ಅದೇ ವರ್ಷದ ಕಾದಂಬರಿ ರೂಪದಲ್ಲೂ ಈ ಸಂಭಾಷಣೆ ಇದೆ. ಬರೆದವರು ಅದೇ ಸ್ಟೋವರ್, ಬ್ರಿನ್ ಎದುರಿನ ಪ್ರತಿವಾದಿ. ಸೆನೆಟ್‌ನ ಯುದ್ಧದ ನಡುವೆಯೇ ಯೋಡಾಗೆ ಕಣ್ಣು ತೆರೆಯುವುದನ್ನೂ ಅವರು ಬರೆದಿದ್ದಾರೆ. ಸಾವಿರ ವರ್ಷದಲ್ಲಿ ಎದುರಾಳಿ ಪಂಥವಾದ ಸಿತ್ ಮಾರ್ಪಟ್ಟಿತು, ಜೆಡೈ ಮಾರ್ಪಡಲಿಲ್ಲ. ತಾನು ತಲೆಮಾರುಗಟ್ಟಲೆ ಮಕ್ಕಳನ್ನು ತಯಾರು ಮಾಡಿದ್ದು ಮುಗಿದುಹೋದ ಯುದ್ಧಕ್ಕೆ. ಈ ಸೋಲು ತಾನು ಹುಟ್ಟುವ ಮೊದಲೇ ಆಗಿತ್ತು. ಕತ್ತಿವರಸೆಯ ಸೋಲನ್ನೇ ಹಿಡಿದು ಕೂತವರು ಈ ಪುಟಗಳನ್ನು ತೆರೆದು ನೋಡಿಲ್ಲ ಎಂದು ಹೇಳದೆ ವಿಧಿಯಿಲ್ಲ.

ಕತ್ತರಿಸಿದ್ದು ಸಾಕ್ಷ್ಯವಲ್ಲ, ತೆರೆಗೆ ಬಂದದ್ದೇ ಅಂತಿಮ ಪಾಠ ಎಂಬ ಆಕ್ಷೇಪ ಬರುತ್ತದೆ. ನಿರ್ದೇಶಕ ಬೇಡವೆಂದದ್ದೆಲ್ಲ ಒಂದೇ ದರ್ಜೆಯದಲ್ಲ. ಯೋಡಾನ ಪುಟ್ಟ ನೌಕೆ ಡಾಗೋಬಾದಲ್ಲಿ ಇಳಿಯುವ ದೃಶ್ಯವನ್ನೂ ಲ್ಯೂಕಸ್ ಕೈಬಿಟ್ಟರು. ಅದು 2005ರ ಡಿವಿಡಿಯಲ್ಲಿ ಸಿಗುತ್ತದೆ. ಅದು ಇಲ್ಲದಿದ್ದರೂ ಕಥೆಗೆ ಊನವಿಲ್ಲ, ಆದ್ದರಿಂದ ಅದರ ಮೇಲೆ ನಾನು ಭಾರ ಹಾಕುವುದಿಲ್ಲ. ಕ್ವೈ-ಗಾನ್ ಸಂಭಾಷಣೆಯ ಮಾತು ಬೇರೆ. ಉಳಿದ ಚಿತ್ರವೇ ಅದರ ಮೇಲೆ ನಿಂತಿದೆ. ಜೊತೆಗೆ 2002ರ ‘ಅಟ್ಯಾಕ್ ಆಫ್ ದ ಕ್ಲೋನ್ಸ್’ನಲ್ಲಿ ಮುಂದೆ ವೇಡರ್ ಆಗಲಿರುವ ಆನಕಿನ್ ಮರಳುಗಾಡಿನಲ್ಲಿ ಕೊಲೆಗಿಳಿದಾಗ, ಧ್ಯಾನದಲ್ಲಿದ್ದ ಯೋಡಾಗೆ ಕ್ವೈ-ಗಾನ್‌ನ ಕೂಗು ಕೇಳಿಸುತ್ತದೆ. ಬೀಜ 2002ರಲ್ಲಿದೆ, ಫಲ 2005ರ ಕೊನೆಯಲ್ಲಿದೆ. ನಡುವಿನ ಕಾಂಡ ಮಾತ್ರ ಸಂಕಲನದ ಮೇಜಿನ ಮೇಲೆ ಉಳಿಯಿತು.

2014ರ ‘ದಿ ಕ್ಲೋನ್ ವಾರ್ಸ್’ ಆರನೆಯ ಸರಣಿ ಒಂದು ತೊಡಕು ತರುತ್ತದೆ. ಅಲ್ಲಿ ಕ್ವೈ-ಗಾನ್‌ನ ದನಿ ಯೋಡಾಗೆ ಯುದ್ಧ ನಡೆಯುತ್ತಿರುವಾಗಲೇ ಕೇಳಿಸುತ್ತದೆ, ಅವನನ್ನು ಡಾಗೋಬಾಕ್ಕೆ ಕರೆಸುತ್ತದೆ, ಗುಹೆಯಲ್ಲಿ ಜೆಡೈಗಳ ಸಂಹಾರದ ದರ್ಶನ ಮಾಡಿಸುತ್ತದೆ. ಹಾಗಿದ್ದರೆ ಪೋಲಿಸ್ ಮಾಸಾದ ಸಂಭಾಷಣೆ ಅನಗತ್ಯವಾಯಿತಲ್ಲ ಎನ್ನಬಹುದು. ಕಾಲಗಣನೆ ಸರಿಹೊಂದುವುದಿಲ್ಲ ನಿಜ. ಎರಡು ಪದರವನ್ನು ಬಲವಂತವಾಗಿ ಬೆಸೆಯಬೇಕಾಗಿಯೂ ಇಲ್ಲ. ಆದರೆ ಎರಡೂ ಹೇಳುವ ಸಂಗತಿ ಒಂದೇ. ಯೋಡಾಗೆ ಡಾಗೋಬಾ ಮೊದಲು ಕಲಿತ ಜಾಗ. ಭೂಪಟದಲ್ಲಿ ಯಾರೂ ಹುಡುಕದ ಮೂಲೆಯೆಂದು ಅವನು ಅದನ್ನು ಆರಿಸಿಕೊಳ್ಳಲಿಲ್ಲ, ಗುಹೆಯ ಹಿಂದೆ ಬಚ್ಚಿಟ್ಟುಕೊಳ್ಳಲೂ ಹೋಗಲಿಲ್ಲ. ಆ ಗುಹೆ ಅವನನ್ನೇ ಒಮ್ಮೆ ಪರೀಕ್ಷಿಸಿತ್ತು. ಮುಂದೆ ಲ್ಯೂಕ್‌ನನ್ನು ಅದೇ ಬಾಯಿಗೆ ಕಳಿಸುತ್ತಾನೆ.

ಈ ಶಿಷ್ಯತ್ವದ ತೂಕ ತಿಳಿಯಬೇಕಾದರೆ ಗುರುಪರಂಪರೆಯನ್ನು ಬಿಡಿಸಬೇಕು. ಯೋಡಾನ ಶಿಷ್ಯ ಡೂಕು, ಡೂಕುವಿನ ಶಿಷ್ಯ ಕ್ವೈ-ಗಾನ್, ಅವನ ಶಿಷ್ಯ ಓಬಿ-ವಾನ್, ಓಬಿ-ವಾನ್‌ನ ಶಿಷ್ಯ ಆನಕಿನ್. ಈ ಸರಪಳಿಯ ಎರಡು ಕೊಂಡಿಗಳು ಸಿತ್ ಕಡೆಗೆ ಹೋದವು. ನಡುವಿನ ಕ್ವೈ-ಗಾನ್ ಹಟಮಾರಿ. ಜೆಡೈ ಮಂಡಳಿಯ ಮಾತು ಮೀರುತ್ತಿದ್ದುದರಿಂದ ಅಲ್ಲಿ ಸ್ಥಾನ ಸಿಗದವನು. ಒಂಬತ್ತರ ಆನಕಿನ್‌ನನ್ನು ಅವನು ಕರೆತಂದಾಗ ವಯಸ್ಸು ಮೀರಿದೆ, ಭಯ ತುಂಬಿದೆ ಎಂದು ಮಂಡಳಿ ತಿರಸ್ಕರಿಸಿತು. ಎಂಟುನೂರು ವರ್ಷ ಕಲಿಸಿದವನು ಕೊನೆಗೆ ತನ್ನ ಶಿಷ್ಯನ ಶಿಷ್ಯನ ಮುಂದೆ, ಅದೂ ತಾನು ಒಳಗೆ ಬಿಟ್ಟುಕೊಳ್ಳದಿದ್ದವನ ಮುಂದೆ, ತಲೆ ಬಾಗಿಸಿದ. ಇದನ್ನು ಪಲಾಯನ ಎನ್ನಲು ನನಗೆ ಮನಸ್ಸು ಬಾರದು.

ಆದರೆ ಕಲಿತದ್ದು ಮೈಗೂಡಿತೇ? ಯೋಡಾನ ಅಭಿಮಾನಿಗಳು ದಾಟಿಹೋಗುವ ಪ್ರಶ್ನೆ ಇದು. 1980ರ ಚಿತ್ರದಲ್ಲಿ ಲ್ಯೂಕ್ ಡಾಗೋಬಾಕ್ಕೆ ಬಂದಾಗಿನ ಗುಡಿಸಲಿನ ದೃಶ್ಯಕ್ಕೆ ಬರೋಣ. ಅದುವರೆಗೆ ಯೋಡಾ ಕೋಡಂಗಿ: ಲ್ಯೂಕ್‌ನ ಪೆಟ್ಟಿಗೆ ಕೆದಕುತ್ತಾನೆ, ಅವನ ಊಟ ಕಚ್ಚಿ ಬಿಸಾಡುತ್ತಾನೆ, ಒಂದು ಪುಟ್ಟ ದೀಪಕ್ಕಾಗಿ ಆರ್2ನೊಂದಿಗೆ ಕಿತ್ತಾಡಿ ಅದನ್ನು ಕೋಲಿನಿಂದ ಬಾರಿಸುತ್ತಾನೆ. ತಗ್ಗಿನ ಮಾಡಿನಡಿ ಲ್ಯೂಕ್ ಮಡಚಿಕೊಂಡು ಕೂತಿದ್ದಾನೆ, ತಾಳ್ಮೆಗೆಟ್ಟು ಸಿಡುಕುತ್ತಾನೆ. ಆಗ ಮುದುಕ ಅವನಿಂದ ಮುಖ ತಿರುಗಿಸಿ ಗಾಳಿಯೊಂದಿಗೆ ಮಾತಾಡುತ್ತಾನೆ, ಗಾಳಿಯಿಂದ ಓಬಿ-ವಾನ್‌ನ ದನಿ ಉತ್ತರಿಸುತ್ತದೆ. ಫ್ರ್ಯಾಂಕ್ ಆಜ್ ಕೈಯಲ್ಲಿನ ಬೊಂಬೆಯ ಕಣ್ಣಿಂದ ಆ ತುಂಟತನ ಒಂದೇ ಗಳಿಗೆಯಲ್ಲಿ ಇಳಿದುಹೋಗುತ್ತದೆ. ಆಮೇಲೆ ಅವನು ಹೇಳುವ ಕಾರಣಗಳು ಯಾವುವು? ವಯಸ್ಸು ಮೀರಿದೆ, ಸಿಟ್ಟು ತುಂಬಿದೆ. 1999ರ ಚಿತ್ರದಲ್ಲಿ ಮಂಡಳಿ ಆನಕಿನ್ ಬಗ್ಗೆ ಕೊಟ್ಟ ಕಾರಣಗಳೂ ಹೆಚ್ಚುಕಡಿಮೆ ಇವೇ. ರಚನೆಯ ಕಾಲದಲ್ಲಿ 1980ರದು ಮೊದಲು, ಕಥಾಕಾಲದಲ್ಲಿ ಕೊನೆ. ಸೋಲಿನ ನಂತರ ಸುಮಾರು 22 ವರ್ಷ ಕ್ವೈ-ಗಾನ್‌ನ ಶಿಷ್ಯನಾಗಿದ್ದವನು, ಕ್ವೈ-ಗಾನ್‌ಗೆ ಮಂಡಳಿ ಕೊಟ್ಟ ಉತ್ತರವನ್ನೇ ಮತ್ತೆ ಕೊಡುತ್ತಾನೆ. ಇದನ್ನು ಅನೇಕರು ಪದರಗಳ ನಡುವಿನ ಅಸಂಗತಿ ಎಂದು ತಳ್ಳಿಹಾಕುತ್ತಾರೆ. ಯೋಡಾನ ಎರಡನೆಯ ಸೋಲು ಇಲ್ಲಿ ಶುರುವಾಗುತ್ತದೆ ಎಂಬುದು ನನ್ನ ವಾದ. ಅವನು ಸಾವನ್ನು ದಾಟುವುದನ್ನು ಕಲಿತ. ಬಾಗಿಲಿಗೆ ಬಂದ ಹುಡುಗನನ್ನು ನಂಬುವುದನ್ನು ಕಲಿಯಲಿಲ್ಲ.

ಮುಂದಿನದು ಇದರದೇ ಮುಂದುವರಿಕೆ. ತಂದೆ ಯಾರೆಂಬುದನ್ನು ಇಬ್ಬರೂ ಗುರುಗಳು ಮುಚ್ಚಿಟ್ಟರು; ಲ್ಯೂಕ್‌ಗೆ ಅದು ಶತ್ರುವಿನ ಬಾಯಿಂದ ತಿಳಿಯಿತು. 1983ರಲ್ಲಿ ಸಾಯುವ ಮಂಚದ ಮೇಲೂ, ಲ್ಯೂಕ್ ಕೇಳಿದ ಮೇಲೆಯೇ ಯೋಡಾ ಒಪ್ಪಿಕೊಂಡದ್ದು. ತಂದೆಯನ್ನು ಕೊಲ್ಲಲಾಗದಿದ್ದರೆ ಚಕ್ರವರ್ತಿ ಗೆದ್ದಂತೆ ಎಂದು ಓಬಿ-ವಾನ್ ಹೇಳಿದ. ಲ್ಯೂಕ್ ಕತ್ತಿ ಬಿಸಾಡಿ ಗೆದ್ದ. ಗುರುಗಳ ಲೆಕ್ಕದಲ್ಲಿ ಇರದಿದ್ದ ಗೆಲುವು ಅದು.

2017ರ ‘ದಿ ಲಾಸ್ಟ್ ಜೆಡೈ’ ಬಂದಾಗ ಲ್ಯೂಕ್ ಹೀಗೆ ದ್ವೀಪಕ್ಕೆ ಓಡಿಹೋಗುವವನಲ್ಲ ಎಂದು ಸಿಡಿದೆದ್ದವರಲ್ಲಿ ಹಲವರು ಯೋಡಾನ ದೇಶಾಂತರವಾಸವನ್ನು ಪೂಜಿಸುವವರೇ. ಶಿಷ್ಯ ಕೈತಪ್ಪಿದಾಗ ಗುರು ಲೋಕ ಬಿಟ್ಟು ನಡೆಯುವುದು ಆ ಮನೆತನದ ಹಳೆಯ ಚಾಳಿ. ಓಬಿ-ವಾನ್ ಮಾಡಿದ್ದೂ ಅದನ್ನೇ. ರಯಾನ್ ಜಾನ್ಸನ್ ಹೊಸದಾಗಿ ಮಾಡಿದ್ದು ಬೇರೆ. ಸೋಲನ್ನೂ ಶಿಷ್ಯರಿಗೆ ದಾಟಿಸಬೇಕು, ಅದಕ್ಕಿಂತ ದೊಡ್ಡ ಪಾಠವಿಲ್ಲ ಎಂದು ಯೋಡಾನ ಬಾಯಿಂದಲೇ ಹೇಳಿಸಿದರು. ಕತ್ತರಿಸಿಹೋದ ಪೋಲಿಸ್ ಮಾಸಾದ ಸಂಭಾಷಣೆಯ ನಂತರ ಯೋಡಾ ಇಷ್ಟು ಬಿಚ್ಚಿ ಮಾತಾಡಿದ್ದು ಇಲ್ಲಿಯೇ.

ಆದರೂ ಬ್ರಿನ್ ಅವರಿಗೆ ಒಂದಂಶ ಬಿಟ್ಟುಕೊಡಬೇಕು, ಯೋಡಾ ಸತ್ಯವನ್ನು ಬಚ್ಚಿಡುವವನು ಎಂಬ ಅಂಶ. ಆಕ್-ಟೋ ದ್ವೀಪದಲ್ಲಿ ಪ್ರೇತರೂಪಿ ಯೋಡಾ ಸಿಡಿಲು ಬರಿಸಿ ಗ್ರಂಥಗಳಿದ್ದ ಮರವನ್ನು ಸುಡುತ್ತಾನೆ. ಆ ಗ್ರಂಥಾಲಯದಲ್ಲಿ ಇದ್ದದ್ದೆಲ್ಲ, ಲ್ಯೂಕ್ ಬಳಿ ಕಲಿಯಲು ಬಂದಿದ್ದ ರೇ ಬಳಿ ಆಗಲೇ ಇದೆ ಎಂದು ಲ್ಯೂಕ್‌ಗೆ ಹೇಳುತ್ತಾನೆ. ಲ್ಯೂಕ್ ಅದನ್ನು ತತ್ತ್ವವೆಂದು ಕೇಳಿಸಿಕೊಳ್ಳುತ್ತಾನೆ. ಚಿತ್ರದ ಕೊನೆಗೆ ಫಾಲ್ಕನ್ ನೌಕೆಯ ಖಾನೆಯೊಂದರಲ್ಲಿ ಆ ಗ್ರಂಥಗಳು ಕಾಣುತ್ತವೆ; ರೇ ಹೊರಡುವಾಗ ಅವನ್ನು ಎತ್ತಿಕೊಂಡು ಹೋಗಿದ್ದಳು. ಯೋಡಾಗೆ ಅದು ಗೊತ್ತಿತ್ತು, ಲ್ಯೂಕ್‌ಗೆ ಅವನು ಹೇಳಲಿಲ್ಲ.